ಕೋಟೆ ಗೋಡೆಯ ಆ ಉದ್ದ ಕಲ್ಲು

ರಜೆಗೆ ರಾಯಚೂರಿಗೆ ಬಂದಿದ್ದೇನೆ. ಇವತ್ತು ಸಂಜೆ ಕೋಟೆಯ ಶಾಸನದ ಕಲ್ಲಿನ ಮುಂದೆ ಜಾಸ್ತಿ ಹೊತ್ತು ನಿಂತುಬಿಟ್ಟೆ.

1294ರದ್ದು. ಒಂದೇ ಕಲ್ಲು, 41 ಅಡಿಗೂ ಉದ್ದ. ನಾನು ಹಾರಿಸುವ ಏರ್‌ಬಸ್ ಎ320ಯ ಮೂರನೇ ಒಂದು ಭಾಗದಷ್ಟು!

ಅದರ ಹತ್ತಿರವೇ ಕೆತ್ತಿದ ಚಿತ್ರ ನೋಡಿದ್ದೀರಾ? ಇದೇ ಕಲ್ಲನ್ನು ಬಂಡಿ ಮೇಲೆ ತರುತ್ತಿರುವ ಚಿತ್ರ. ಮುಂದೆ ಎಳೆಯುವ ದನಗಳ ಸಾಲು, ಜೊತೆಗೆ ಜನ. ಬರೀ ಗೆರೆಗಳು. ಆದರೂ ಭಾರ ಕಣ್ಣಿಗೆ ಕಾಣುತ್ತದೆ.

ನಮಗೆ ಪ್ರತಿ ಹಾರಾಟಕ್ಕೂ ಮೊದಲು ಲೋಡ್‌ಶೀಟ್ ಬರುತ್ತದೆ. ಜನ ಎಷ್ಟು, ಲಗೇಜು ಎಷ್ಟು, ಇಂಧನ ಎಷ್ಟು, ಭಾರದ ಕೇಂದ್ರ ಎಲ್ಲಿ ಬೀಳುತ್ತದೆ, ಎಲ್ಲ ಲೆಕ್ಕ. ಅದು ಸರಿಯಿಲ್ಲದೆ ಹೊರಡುವ ಹಾಗೇ ಇಲ್ಲ. ಆ ಬಂಡಿಯವರಿಗೂ ಇದೇ ಚಿಂತೆ ಇದ್ದಿರಬೇಕು ಅಲ್ವಾ? ಕಲ್ಲು ಒಂದು ಕಡೆ ವಾಲಿದರೆ ಅಚ್ಚು ಮುರಿದ ಹಾಗೇ. ಕಟ್ಟಿಸಿದವರ ಹೆಸರಿನ ಪಕ್ಕ ಕಲ್ಲು ಎಳೆದವರಿಗೂ ಜಾಗ ಕೊಟ್ಟ ಆ ಶಿಲ್ಪಿ ನನಗೆ ತುಂಬಾ ಇಷ್ಟ.

ಯಾವ ಊರಲ್ಲಿ ತಂಗಿದರೂ ನಾನು ಮೊದಲು ಹುಡುಕೋದು ಹಳೇ ಕೋಟೆ, ಆಮೇಲೆ ತಿಂಡಿ. ಮಂಡಾಳು ಒಗ್ಗರಣೆ, ಬಿಸಿ ಮಿರ್ಚಿ ಮಾತ್ರ ನಮ್ಮ ಕಡೆಯದೇ ಆಗಬೇಕು. ಇವತ್ತು ಅದೂ ಆಯ್ತು.

ನಾಳೆ ಬೆಳಗ್ಗೆ ಹುಡುಗರ ಜೊತೆ ಕ್ರಿಕೆಟ್. ಆಮೇಲೆ ಮಸ್ಕಿ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಎಂಜಿನಿಯರ್‌ಗೆ ಅಶೋಕನ ಹೆಸರಿರುವ ಶಾಸನ ಸಿಕ್ಕಿದ್ದು ಅಲ್ಲೇ. ಕಾರಲ್ಲಿ ಜಾಗ ಇದೆ, ಬರೋರು ಹೇಳಿ.