‘ಇನ್ನೂ ಬಂದಿಲ್ಲ’ ಎಂದು ಎರಡು ಸಲ ಕಳುಹಿಸಿದೆ

ಅರಸೀಕೆರೆಯಲ್ಲಿ ನನ್ನದೊಂದು ಸೈಬರ್ ಸೆಂಟರ್ ಇದೆ. ನಾಲ್ಕು ಕಂಪ್ಯೂಟರ್, ಎರಡು ಪ್ರಿಂಟರ್, ಒಂದು ಝೆರಾಕ್ಸ್ ಯಂತ್ರ, ಸಹಾಯಕ್ಕೆ ಒಬ್ಬ ಹುಡುಗ. ಉದ್ಯೋಗದ ಅರ್ಜಿ, ವಿದ್ಯಾರ್ಥಿವೇತನ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಹಣಿ, ಇವೇ ನಮ್ಮ ದಿನದ ಕೆಲಸ. 2023ರ ಬೇಸಿಗೆಯಲ್ಲಿ ನಡೆದ ಒಂದು ಸಂಗತಿಯನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಇದೇ ಕೆಲಸ ಮಾಡುವವರು ಊರೂರಿನಲ್ಲಿ ಇದ್ದಾರೆ. ಅವರಲ್ಲಿ ಯಾರಾದರೂ ಓದಿದರೆ ಒಂದು ಅರ್ಜಿಯಾದರೂ ಉಳಿದೀತು.

ಬಾಣಾವರದ ಕಡೆಯ ಹಳ್ಳಿಯ ಹುಡುಗಿ. ಬಿ.ಎಸ್‌ಸಿ. ಮುಗಿಸಿದ್ದಳು. “ಅಕ್ಕಾ, ಪ್ರಯೋಗಾಲಯ ಸಹಾಯಕರ ಹುದ್ದೆಗೆ ಕರೆದಿದ್ದಾರಂತೆ, ಸ್ವಲ್ಪ ನೋಡುತ್ತೀರಾ?” ಎಂದು ಕೇಳಿದಳು. ಅದು ಒಂದು ಸರ್ಕಾರಿ ಸಂಸ್ಥೆಯ ನೇಮಕಾತಿ. ಪುಟ ತೆರೆದೆ. ಮೇಲೆ ಸಂಸ್ಥೆಯ ಹೆಸರು, ಲಾಂಛನ, ಎಡಗಡೆ ಪಟ್ಟಿ, ಎಲ್ಲವೂ ಇತ್ತು. ‘ನೇಮಕಾತಿ’ ಎಂಬ ಶೀರ್ಷಿಕೆಯ ಕೆಳಗೆ ಮಾತ್ರ ಬೆಳ್ಳಗೆ ಖಾಲಿ. “ಇನ್ನೂ ಬಂದಿಲ್ಲಮ್ಮ, ಮುಂದಿನ ವಾರ ಬಾ” ಎಂದು ಕಳುಹಿಸಿದೆ. ಮುಂದಿನ ವಾರವೂ ಹಾಗೆಯೇ ಖಾಲಿ ಇತ್ತು, ಅದೇ ಮಾತು ಹೇಳಿದೆ. ಮೂರನೆಯ ಸಲ ಬಂದಾಗ ಅವಳು ಏನನ್ನೂ ಕೇಳಲಿಲ್ಲ. ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದಳು. ಅದೇ ವಿಳಾಸ, ಅದೇ ಪುಟ. ಶೀರ್ಷಿಕೆಯ ಕೆಳಗೆ ಒಂದು ಪೆಟ್ಟಿಗೆ, ಅದರೊಳಗೆ ನಾಲ್ಕು ಕೊಂಡಿಗಳು. ಎರಡನೆಯದು ಅವಳು ಹುಡುಕುತ್ತಿದ್ದ ಹುದ್ದೆಯದು. ಕೊನೆಯ ದಿನಾಂಕ ಅಂದೇ. ಆಗ ಸಂಜೆ ಐದೂವರೆ ಆಗಿತ್ತು.

ನನ್ನ ಬಾಯಿಗೆ ಮೊದಲು ಬಂದ ಮಾತು “ಸರ್ವರ್ ಸರಿಯಿಲ್ಲ”. ನಮ್ಮ ವೃತ್ತಿಯಲ್ಲಿ ಎಲ್ಲದಕ್ಕೂ ಇದೊಂದೇ ಉತ್ತರ. ಆದರೆ ಸರ್ವರ್ ಕೆಟ್ಟಿದ್ದರೆ ಅವಳ ಮೊಬೈಲಿನಲ್ಲೂ ಕಾಣಬಾರದಿತ್ತು. ಕಂಟ್ರೋಲ್, ಶಿಫ್ಟ್, ಎನ್ ಒತ್ತಿ ಇನ್‌ಕಾಗ್ನಿಟೋ, ಅಂದರೆ ಬ್ರೌಸರಿನ ಖಾಸಗಿ ಕಿಟಕಿ ತೆರೆದು ಅದೇ ವಿಳಾಸ ಹಾಕಿದೆ. ಪೆಟ್ಟಿಗೆ ಕಾಣಿಸಿತು! ಕ್ರೋಮ್‌ನಲ್ಲಿ ನಾವಾಗಿ ಅನುಮತಿ ಕೊಡದ ಹೊರತು ಇನ್‌ಕಾಗ್ನಿಟೋದಲ್ಲಿ ಎಕ್ಸ್‌ಟೆನ್ಷನ್‌ಗಳು, ಅಂದರೆ ಬ್ರೌಸರಿಗೆ ನಾವು ಸೇರಿಸುವ ಪುಟ್ಟ ತಂತ್ರಾಂಶಗಳು, ಓಡುವುದಿಲ್ಲ. ಅವಳ ಮೊಬೈಲಿನ ಕ್ರೋಮ್‌ಗೆ ಎಕ್ಸ್‌ಟೆನ್ಷನ್ ಹಾಕುವ ಸೌಲಭ್ಯವೇ ಇಲ್ಲ. ನಾಲ್ಕು ಕಂಪ್ಯೂಟರ್‌ಗಳಲ್ಲೂ ನಾನೇ ಕೈಯಾರೆ ಹಾಕಿದ್ದ ಆಡ್ ಬ್ಲಾಕರ್, ಅಂದರೆ ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್, ಆ ಪೆಟ್ಟಿಗೆಯನ್ನು ಮುಚ್ಚಿಟ್ಟಿತ್ತು.

ಅದನ್ನು ಹಾಕಲು ಬಲವಾದ ಕಾರಣವಿತ್ತು. ಅದಕ್ಕೂ ಹಿಂದಿನ ವರ್ಷ ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ಹಿರಿಯರು ಬ್ಯಾಂಕಿನ ಸಹಾಯವಾಣಿ ಸಂಖ್ಯೆಯನ್ನು ಹುಡುಕಿ, ಮೊದಲು ಕಂಡ ಸಂಖ್ಯೆಗೆ ಕರೆ ಮಾಡಿದ್ದರು. ಅದು ವಂಚಕರು ಹಣ ಕೊಟ್ಟು ಮೇಲೆ ತಂದು ಕೂರಿಸಿದ್ದ ಜಾಹೀರಾತು. ಪಿಂಚಣಿಯ ಹಣ ಹೋಯಿತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡುವಷ್ಟರಲ್ಲಿ ತಡವಾಗಿತ್ತು. ಅಂದು ರಾತ್ರಿಯೇ ಕುಳಿತು ಎಲ್ಲ ಯಂತ್ರಗಳಿಗೂ ಯುಬ್ಲಾಕ್ ಒರಿಜಿನ್ ಎಂಬ ಆಡ್ ಬ್ಲಾಕರ್ ಹಾಕಿದೆ. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಕೂಡ, ಹುಡುಕಾಟದ ಫಲಿತಾಂಶದಲ್ಲಿ ಬರುವ ನಕಲಿ ಜಾಹೀರಾತುಗಳಿಂದ ಪಾರಾಗಲು ಆಡ್ ಬ್ಲಾಕರ್ ಬಳಸಿ ಎಂದು ಸಾರ್ವಜನಿಕರಿಗೆ ಸೂಚಿಸಿತು. ಹತ್ತು ಮಂದಿ ಕೂತೇಳುವ ಕಂಪ್ಯೂಟರ್‌ಗೆ ಅದು ಬೇಕೇ ಬೇಕು ಎಂಬ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ.

ಹಾಗಾದರೆ ಉದ್ಯೋಗದ ಕೊಂಡಿಯನ್ನು ಅದು ಏಕೆ ಮುಚ್ಚಿತು? ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಎರಡು ಭಾನುವಾರಗಳು ಬೇಕಾದವು.

ಆಡ್ ಬ್ಲಾಕರ್ ತಾನಾಗಿ ಏನನ್ನೂ ಓದಿ ತಿಳಿದುಕೊಳ್ಳುವುದಿಲ್ಲ. ಅದರ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ. ಬಹುತೇಕ ಬ್ಲಾಕರ್‌ಗಳು ಬಳಸುವ ಈಸಿಲಿಸ್ಟ್ ಎಂಬ ಪಟ್ಟಿ 2005ರಿಂದ ಬೆಳೆಯುತ್ತಾ ಬಂದಿದೆ. ಈಗ ಹತ್ತಾರು ಸಾವಿರ ಸಾಲುಗಳಿವೆ. ಅದರಲ್ಲಿ ಒಂದು ಬಗೆಯ ಸಾಲು, ಇಂಥ ವಿಳಾಸದಿಂದ ಬರುವ ಕಡತವನ್ನು ಒಳಗೆ ಬಿಡಬೇಡ ಎನ್ನುತ್ತದೆ. ಇನ್ನೊಂದು ಬಗೆಯದು, ಪುಟದ ಜೊತೆ ಬಂದಾಗಿರುವ ಪೆಟ್ಟಿಗೆಗೆ ಇಂಥ ಹೆಸರಿದ್ದರೆ ಅದನ್ನು ಕಾಣದಂತೆ ಮಾಡು ಎನ್ನುತ್ತದೆ. ಈ ಎರಡನೆಯ ಬಗೆಯ ಸಾಲು ನೋಡಲು ಬಹಳ ಸಣ್ಣದು: ಎರಡು ಹ್ಯಾಶ್ ಗುರುತು, ಒಂದು ಚುಕ್ಕಿ, ಆಮೇಲೆ ಇಂಗ್ಲಿಷ್‌ನಲ್ಲಿ ‘ಅಡ್ವರ್ಟೈಸ್‌ಮೆಂಟ್’ ಎಂಬ ಒಂದು ಪದ. ಅಷ್ಟೇ.

ನಮ್ಮ ದೇಶದ ಕಚೇರಿಗಳಲ್ಲಿ ಆ ಪದಕ್ಕೆ ಏನರ್ಥ ಎಂದು ಉದ್ಯೋಗ ಹುಡುಕುವ ಪ್ರತಿಯೊಬ್ಬರಿಗೂ ಗೊತ್ತು. ನೇಮಕಾತಿ ಅಧಿಸೂಚನೆಯ ತಲೆಯ ಮೇಲೆ ‘ಅಡ್ವರ್ಟೈಸ್‌ಮೆಂಟ್ ನಂಬರ್’ ಎಂದು ಇರುತ್ತದೆ. ಅರ್ಜಿಯ ಮೊದಲ ಅಂಕಣದಲ್ಲಿ ತುಂಬಬೇಕಾದದ್ದೇ ಅದು. ಕನ್ನಡದಲ್ಲೂ ಸೋಪಿಗೂ ಜಾಹೀರಾತು, ಹುದ್ದೆಗೂ ಜಾಹೀರಾತು. ಆ ಸಂಸ್ಥೆಯ ಪುಟ ಕಟ್ಟಿದವರು ಅಧಿಸೂಚನೆಗಳ ಪೆಟ್ಟಿಗೆಗೆ ಸಹಜವಾಗಿ ಅದೇ ಹೆಸರಿಟ್ಟಿದ್ದರು. ಪಟ್ಟಿ ಬರೆದವರಿಗೆ ಆ ಹೆಸರಿನ ಪೆಟ್ಟಿಗೆ ಎಂದರೆ ಮರೆಮಾಡಬೇಕಾದ ವಸ್ತು. ಯಾರದೂ ತಪ್ಪಲ್ಲ ಎಂದುಬಿಡಬಹುದು. ಆದರೆ ಬಸ್ಸಿನಲ್ಲಿ ಮೂರು ಸಲ ಬಂದು ಹೋದವಳು ಆ ಹುಡುಗಿ, ಎರಡು ಸಲ ‘ಬಂದಿಲ್ಲ’ ಎಂದವಳು ನಾನು.

ಇದರಲ್ಲಿ ಹೆಚ್ಚು ಅಪಾಯಕಾರಿಯಾದದ್ದು ಈ ಎರಡನೆಯ ಬಗೆಯೇ. ಕಡತವನ್ನು ತಡೆದಾಗ ಪುಟ ಎಲ್ಲೋ ಒಂದು ಕಡೆ ಎಡವುತ್ತದೆ: ಗುಂಡಿ ಕೆಲಸ ಮಾಡುವುದಿಲ್ಲ, ಕ್ಯಾಪ್ಚಾ ಚಿತ್ರ ಬರುವುದಿಲ್ಲ. ಏನೋ ಕೆಟ್ಟಿದೆ ಎಂದು ನಮಗೆ ತಿಳಿಯುತ್ತದೆ. ಎಫ್12 ಒತ್ತಿ ನೋಡಿದರೆ ಕೆಂಪು ಅಕ್ಷರದಲ್ಲಿ ‘ಬ್ಲಾಕ್ಡ್ ಬೈ ಕ್ಲೈಂಟ್’ ಎಂದು ಸಿಗುತ್ತದೆ, ಅಂದರೆ ತಡೆದದ್ದು ನಮ್ಮದೇ ಯಂತ್ರ. ಮರೆಮಾಡಿದ ಪೆಟ್ಟಿಗೆಗೆ ಅಂಥ ಯಾವ ಸುಳಿವೂ ಇಲ್ಲ. ಪುಟ ನೀಟಾಗಿ, ಪೂರ್ತಿಯಾಗಿ ಕಾಣುತ್ತದೆ. ಇಲ್ಲದ್ದನ್ನು ಇಲ್ಲ ಎಂದು ಅನುಮಾನಿಸುವುದು ಹೇಗೆ? ಈಗ ಅನುಮಾನ ಬಂದಾಗ ಕಂಟ್ರೋಲ್ ಮತ್ತು ಯು ಒತ್ತಿ ಪುಟದ ಮೂಲವನ್ನು (ಸೋರ್ಸ್) ತೆರೆಯುತ್ತೇನೆ, ಅದರಲ್ಲಿ ಹುದ್ದೆಯ ಹೆಸರನ್ನು ಹುಡುಕುತ್ತೇನೆ. ಮೂಲದಲ್ಲಿ ಇದ್ದು ಪರದೆಯ ಮೇಲೆ ಇಲ್ಲ ಎಂದರೆ ಬ್ಲಾಕರ್ ಮರೆಮಾಡಿರಬಹುದು ಎಂದು ತಿಳಿಯುತ್ತೇನೆ.

ಆ ಸಂಜೆಗೆ ಮರಳುತ್ತೇನೆ. ಮಾಮೂಲಿ ಕಿಟಕಿಯಲ್ಲಿ ಯುಬ್ಲಾಕ್‌ನ ಗುರುತನ್ನು ಒತ್ತಿ, ಅದರೊಳಗಿನ ದೊಡ್ಡ ಪವರ್ ಗುಂಡಿಯಿಂದ ಬ್ಲಾಕರನ್ನು ಆರಿಸಿ (ಆಫ್ ಮಾಡಿ), ಪುಟವನ್ನು ರಿಫ್ರೆಶ್ ಮಾಡಿದೆ. ಅಧಿಸೂಚನೆ ಬಂತು, ಅರ್ಜಿಯೂ ತೆರೆಯಿತು. ಭಾವಚಿತ್ರ, ಸಹಿ, ಅಂಕಪಟ್ಟಿ ಎಲ್ಲವನ್ನೂ ಏರಿಸುವಷ್ಟರಲ್ಲಿ ಎಂಟು ಗಂಟೆ. ಶುಲ್ಕದ ಪುಟಕ್ಕೆ ಹೋದರೆ ಬ್ಯಾಂಕುಗಳ ಪಟ್ಟಿ ಬರಬೇಕಾದ ಕಡೆ ಮತ್ತೆ ಖಾಲಿ! ನಮ್ಮ ಹುಡುಗ ರಿಫ್ರೆಶ್ ಒತ್ತಲು ಹೋದ. ಅವನ ಕೈ ಹಿಡಿದು ನಿಲ್ಲಿಸಿದೆ. ಹಣ ಕಟ್ಟುವ ನಡುವೆ ರಿಫ್ರೆಶ್ ಮಾಡಿದರೆ ಅರ್ಜಿ ಅರ್ಧದಲ್ಲಿ ಕಡಿದುಹೋಗಬಹುದು, ಹಣ ಎರಡು ಸಲ ಕಡಿತವಾಗಲೂಬಹುದು. ಬ್ರೌಸರಿನ ಮೇಲ್ಗಡೆಯ ವಿಳಾಸದ ಸಾಲನ್ನು ನೋಡಿದಾಗ ಹೊಳೆಯಿತು. ನಾನು ಬ್ಲಾಕರ್ ಆರಿಸಿದ್ದು ಸಂಸ್ಥೆಯ ವಿಳಾಸಕ್ಕೆ. ಹಣ ಪಾವತಿಯ ಪುಟ ಬೇರೆ ವಿಳಾಸದ್ದು, ಅಲ್ಲಿ ಬ್ಲಾಕರ್ ಇನ್ನೂ ಎಚ್ಚರವಾಗಿಯೇ ಇತ್ತು.

ಲಾಗ್ ಔಟ್ ಮಾಡಿ, ಇನ್‌ಕಾಗ್ನಿಟೋದಲ್ಲಿ ಮತ್ತೆ ಲಾಗಿನ್ ಆಗಿ, ಮೊದಲು ಪಾವತಿಯ ಸ್ಥಿತಿಯನ್ನು ನೋಡಿದೆ. ಹಣ ಕಡಿತವಾಗಿರಲಿಲ್ಲ. ತುಂಬಿದ್ದ ಅರ್ಜಿ ಉಳಿದಿತ್ತು. ರಾತ್ರಿ ಒಂಬತ್ತು ಇಪ್ಪತ್ತಕ್ಕೆ ರಸೀದಿ ಮುದ್ರಿಸಿದೆ. ಊರಿಗೆ ಹೋಗುವ ಬಸ್ ತಪ್ಪಿತ್ತು. ಅವಳ ತಂದೆ ಬೈಕಿನಲ್ಲಿ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕಾಯುತ್ತಿದ್ದರು. “ನಿಮ್ಮಿಂದ ಆಯಿತಮ್ಮ, ದೊಡ್ಡ ಉಪಕಾರ” ಎಂದು ಕೈ ಮುಗಿದರು. ಆ ಮಾತನ್ನು ಕೇಳಿ ನಿಲ್ಲಲು ನನಗೆ ಆಗಲಿಲ್ಲ. ನಡೆದದ್ದನ್ನು ಹೇಳಿದೆ. ಅವರಿಗೆ ಎಷ್ಟು ಅರ್ಥವಾಯಿತೋ ತಿಳಿಯದು. ಹುಡುಗಿ ಮಾತ್ರ ಗಮನವಿಟ್ಟು ಕೇಳಿಸಿಕೊಂಡಳು. ಅಂದಿನ ಸೇವಾಶುಲ್ಕ ತೆಗೆದುಕೊಳ್ಳಲಿಲ್ಲ.

ಅವರು ಹೋದ ಮೇಲೆ ನೋಂದಣಿ ಪುಸ್ತಕ ತೆಗೆದೆ. ಬಂದವರ ಹೆಸರು, ಊರು, ಮೊಬೈಲ್ ಸಂಖ್ಯೆ, ಕೆಲಸ ಎಲ್ಲವನ್ನೂ ಅದರಲ್ಲಿ ಬರೆಯುತ್ತೇನೆ. ಅದೇ ಸಂಸ್ಥೆಯ ಪುಟ ನೋಡಿ ‘ಬಂದಿಲ್ಲ’ ಎಂದು ಕಳುಹಿಸಿದ್ದ ಇನ್ನಿಬ್ಬರು ಸಿಕ್ಕರು. ಕೂಡಲೇ ಕರೆ ಮಾಡಿದೆ. ಒಬ್ಬ ಹಾಸನದಲ್ಲಿ ಗೆಳೆಯನ ಕೋಣೆಯಲ್ಲಿ ಕುಳಿತು ಆಗಲೇ ಅರ್ಜಿ ಹಾಕಿದ್ದ. ಇನ್ನೊಬ್ಬರು ಕೇಳಿದ್ದು ಬೇರೆ ಹುದ್ದೆ, ಪೆಟ್ಟಿಗೆಯ ಮೊದಲನೆಯ ಕೊಂಡಿ. ಅದರ ದಿನಾಂಕ ಹಿಂದಿನ ಶುಕ್ರವಾರವೇ ಮುಗಿದಿತ್ತು. ಅವರಿಗೆ ಮುಂದಿನ ವರ್ಷ ವಯೋಮಿತಿ ದಾಟುತ್ತದೆ ಎಂದು ಗೊತ್ತಾದದ್ದು ಆ ಕರೆಯಲ್ಲಿ. “ಇರಲಿ ಬಿಡಿ ಅಕ್ಕ” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ನಮ್ಮಲ್ಲಿ ಕೆಲಸದ ರೀತಿ ಬದಲಾಗಿದೆ. ಅರ್ಜಿ ತುಂಬುವ ಕೆಲಸವಿದ್ದರೆ ಲಾಗಿನ್ ಆಗುವ ಮೊದಲೇ ಆ ತಾಣಕ್ಕೆ ಬ್ಲಾಕರ್ ಆರಿಸುತ್ತೇವೆ, ನಡುವೆ ಎಂದೂ ಮುಟ್ಟುವುದಿಲ್ಲ. ಯುಬ್ಲಾಕ್‌ನ ಪವರ್ ಗುಂಡಿ ಆ ತಾಣಕ್ಕೆ ಮಾತ್ರ ಸೀಮಿತ. ಕಂಟ್ರೋಲ್ ಹಿಡಿದು ಒತ್ತಿದರೆ ಆ ಒಂದು ಪುಟಕ್ಕೆ ಮಾತ್ರ. ಎಕ್ಸ್‌ಟೆನ್ಷನ್‌ಗಳ ಪುಟಕ್ಕೆ ಹೋಗಿ ಬ್ಲಾಕರನ್ನೇ ಪೂರ್ತಿ ನಿಲ್ಲಿಸುವುದು ನಮ್ಮಲ್ಲಿ ನಿಷಿದ್ಧ, ಏಕೆಂದರೆ ಮತ್ತೆ ಹಚ್ಚಲು ಮರೆಯುತ್ತದೆ. ಬ್ರೇವ್ ಬ್ರೌಸರ್ ಬಳಸುವವರಿಗೆ ಇದೇ ಕೆಲಸ ವಿಳಾಸದ ಸಾಲಿನಲ್ಲಿರುವ ಸಿಂಹದ ಮುಖದ ಗುರುತಿನಲ್ಲಿದೆ. ಫೈರ್‌ಫಾಕ್ಸ್‌ನಲ್ಲಿ ಎಡಗಡೆಯ ಗುರಾಣಿ ಗುರುತು ಬೇರೆ, ನಾವು ಹಾಕಿಕೊಂಡ ಬ್ಲಾಕರ್ ಬೇರೆ. ಒಂದನ್ನು ಆರಿಸಿ ಎರಡೂ ಆರಿತು ಎಂದುಕೊಳ್ಳಬಾರದು. ಪಾಪ್-ಅಪ್ ತಡೆಯಂತೂ ಮೂರನೆಯದು, ಅದು ಬ್ರೌಸರಿನದೇ ಸ್ವಂತ ವ್ಯವಸ್ಥೆ. ಕ್ರೋಮ್‌ನ ನಿಯಮ ಬದಲಾಗಿ ಹಳೆಯ ಯುಬ್ಲಾಕ್ ಅದರಲ್ಲಿ ಓಡದಂತಾದ ಮೇಲೆ ಎರಡು ಯಂತ್ರಗಳನ್ನು ಫೈರ್‌ಫಾಕ್ಸ್‌ಗೆ ತಂದೆ, ಉಳಿದೆರಡರಲ್ಲಿ ಯುಬ್ಲಾಕ್‌ನ ಲೈಟ್ ಆವೃತ್ತಿ ಇದೆ.

‘ನಿಮ್ಮ ಆಡ್ ಬ್ಲಾಕರ್ ನಿಲ್ಲಿಸಿ’ ಎಂದು ಕೇಳುವ ಪುಟಗಳ ಬಗ್ಗೆ ಗ್ರಾಹಕರು ವಿಚಾರಿಸುತ್ತಾರೆ. ನಾನು ದಿನವೂ ಓದುವ ಸುದ್ದಿತಾಣಗಳಿಗೆ ಅವು ಕೇಳದೆಯೇ ಬ್ಲಾಕರ್ ಆರಿಸಿದ್ದೇನೆ, ಜಾಹೀರಾತಿನ ಆದಾಯದಿಂದಲೇ ವರದಿಗಾರರ ಸಂಬಳ ನಡೆಯಬೇಕು. ಬ್ಲಾಕರ್ ನಿಲ್ಲಿಸಿ, ನೋಟಿಫಿಕೇಷನ್‌ಗೂ ಅನುಮತಿ ಕೊಡಿ, ಈ ಕಡತವನ್ನೂ ಇಳಿಸಿಕೊಳ್ಳಿ ಎಂದು ಒಂದರ ಹಿಂದೊಂದು ಕೇಳುವ ಪುಟವಾದರೆ ಮುಚ್ಚಿಬಿಡಿ ಎನ್ನುತ್ತೇನೆ.

ಆ ಸಂಸ್ಥೆಗೆ ಮಿಂಚಂಚೆ ಬರೆದಿದ್ದೆ. ಪೆಟ್ಟಿಗೆಯ ಹೆಸರೊಂದನ್ನು ಬದಲಿಸಿದರೆ ಸಾಕು, ಮತ್ತೇನೂ ಬೇಡ ಎಂದು ಪರದೆಯ ಎರಡು ಚಿತ್ರಗಳನ್ನೂ ಲಗತ್ತಿಸಿದ್ದೆ. ಉತ್ತರ ಬರಲಿಲ್ಲ. ಮುಂದಿನ ಅಧಿಸೂಚನೆ ಹೊರಟಿದೆ ಎಂದು ಪತ್ರಿಕೆಯಲ್ಲಿ ಓದಿದ ದಿನ ಬೆಳಿಗ್ಗೆ ಬೇಗ ಅಂಗಡಿ ತೆರೆದು, ಬ್ಲಾಕರ್ ಆರಿಸದೆಯೇ ಆ ಪುಟವನ್ನು ನೋಡಿದೆ. ‘ನೇಮಕಾತಿ’ ಎಂಬ ಶೀರ್ಷಿಕೆ, ಅದರ ಕೆಳಗೆ ಬೆಳ್ಳಗೆ ಖಾಲಿ. ಗುಂಡಿ ಒತ್ತಿ ರಿಫ್ರೆಶ್ ಮಾಡಿದೆ, ಆರು ಕೊಂಡಿಗಳು ಬಂದವು. ಆರನ್ನೂ ಮುದ್ರಿಸಿ, ಕೊನೆಯ ದಿನಾಂಕಗಳ ಕೆಳಗೆ ಕೆಂಪು ಗೆರೆ ಎಳೆದು, ಅಂಗಡಿಯ ಬಾಗಿಲಿಗೆ ಅಂಟಿಸಿದೆ.