ಜೇನು ತಿನ್ನುವವನು
ಟೆನಿಸ್ ನೋಡ್ತಾ ಮೆಡ್ವೆಡೆವ್ ಅನ್ನೋ ಹೆಸರಿನ ಮೇಲೆ ಮನಸ್ಸು ನಿಂತುಬಿಟ್ಟಿತು. ರಷ್ಯನ್‌ನಲ್ಲಿ 'ಮೆದ್ವೆದ್' ಅಂದ್ರೆ ಕರಡಿ. ಬಿಡಿಸಿದರೆ ಜೇನು ತಿನ್ನುವವನು. 'ಮೆದ್' ಅಂದ್ರೆ ಜೇನು, ನಮ್ಮ 'ಮಧು'ವಿನ ದೂರದ ನೆಂಟ. ಋಗ್ವೇದದಲ್ಲೂ ಹಕ್ಕಿಗಳಿಗೆ 'ಮಧ್ವದ್' ಅನ್ನೋ ಮಾತಿದೆ, ಅದೇ ಎರಡು ಬೇರುಗಳಿಂದ ಕಟ್ಟಿದ ಪದ! ಇದನ್ನು ಓದಿದಾಗ ನಿಜವಾಗಲೂ ಮೈ ಜುಮ್ಮೆಂದಿತು.

ಕರಡಿಗೆ ಹಳೆಯ ಹೆಸರು ಬೇರೆಯೇ ಇತ್ತು. ಸಂಸ್ಕೃತದ 'ಋಕ್ಷ', ಗ್ರೀಕಿನ 'ಆರ್ಕ್ಟೊಸ್', ಲ್ಯಾಟಿನ್ನಿನ 'ಉರ್ಸುಸ್' ಎಲ್ಲ ಅದೇ ಮೂಲದ್ದು. ರಷ್ಯನ್, ಚೆಕ್, ಪೋಲಿಷ್‌ನಂಥ ಭಾಷೆಗಳನ್ನಾಡುವ ಸ್ಲಾವ್ ಜನ ಅದನ್ನು ಬಿಟ್ಟುಬಿಟ್ಟರು. ಹೆಸರು ಹಿಡಿದು ಕರೆದರೆ ಕಾಡಿನಿಂದ ಬಂದೇಬಿಡುತ್ತೆ ಅನ್ನೋ ಭಯವೇ ಕಾರಣ ಅಂತ ಭಾಷಾತಜ್ಞರು ಹೇಳುತ್ತಾರೆ. ನಮ್ಮ ಹಳ್ಳಿಗಳಲ್ಲೂ ರಾತ್ರಿ ಹೊತ್ತು ಹಾವು ಅನ್ನಲ್ಲ, 'ಹುಳ' ಅಂತಾರೆ, ಕಚ್ಚಿದರೂ 'ಹುಳ ಮುಟ್ಟಿತು' ಅಂತಾರೆ ಅಲ್ವಾ?

ಇನ್ನೂ ಚೆಂದ ಅಂದ್ರೆ, ಆ ಮರೆಮಾಚಿದ ಹೆಸರೂ ಊರೂರಿಗೆ ರೂಪ ಬದಲಿಸಿದೆ. ಚೆಕ್ಕರಿಗೆ 'ಮೆದ್ವ್ಯೆದ್', ಕ್ರೊಯೇಷಿಯಾದವರಿಗೆ 'ಮೆದ್ವಿಯೆದ್', ಪೋಲೆಂಡಿನಲ್ಲಿ ಮೊದಲಿನ 'ಮ' ಹೋಗಿ 'ನ' ಬಂದು 'ನ್ಯೆಜ್‌ವ್ಯೆಚ್' ಆಗಿದೆ, ಉಕ್ರೇನಿನವರಂತೂ ಹಿಂದುಮುಂದು ಮಾಡಿ 'ವೆದ್‌ಮೀದ್' ಮಾಡಿಕೊಂಡಿದ್ದಾರೆ. ಜೇನು ಎಲ್ಲಿದೆ ಅಂತ ಬಲ್ಲವನು ಎಂದು ಅರ್ಥ ಹೇಳುವವರೂ ಇದ್ದಾರೆ. ಅದು ಆಮೇಲೆ ಕಟ್ಟಿದ ಅರ್ಥ, ಆದರೂ ನನಗೆ ತುಂಬಾ ಇಷ್ಟ.

ಹೆದರಿ ಇಟ್ಟ ಹೆಸರಲ್ಲೂ ಇಷ್ಟು ಸಿಹಿ ಇದೆಯಲ್ಲ, ಬೆಳಗ್ಗೆಯಿಂದ ಅದೇ ಯೋಚನೆ.