ಮೂಳೆಗಿಂತ ಮೊದಲೇ ಹುಷಾರಾದ ಚುಕ್ಕಿ

ನಮ್ಮ ಬೆಕ್ಕು ಚುಕ್ಕಿಗೆ ಕಾಲಿನ ಆಪರೇಷನ್ ಆಗಿ ಮೂರನೇ ವಾರ ನಡೆಯುತ್ತಿತ್ತು. ಬೆಳಿಗ್ಗೆ ಅವಳ ಮಲಮೂತ್ರದ ಲಿಟರ್ ಟ್ರೇ ತೆಗೆಯಲು ಕ್ರೇಟಿನ, ಅಂದರೆ ಅವಳನ್ನು ಕೂಡಿಟ್ಟಿದ್ದ ಸರಳಿನ ಗೂಡಿನ, ಬಾಗಿಲು ತೆರೆದಾಗ ಚುಕ್ಕಿ ಎದ್ದು ಬಂದಳು. ಅಲ್ಲಿಯವರೆಗೆ ಎಡ ಹಿಂಗಾಲಿನ ಬೆರಳ ತುದಿಯನ್ನಷ್ಟೇ ನೆಲಕ್ಕೆ ಸೋಕಿಸಿ ಕುಂಟುತ್ತಿದ್ದವಳು ಅವತ್ತು ಪಾದವನ್ನು ಪೂರ್ತಿ ಊರಿದಳು. ಮೈ ಮುರಿದಳು. ಬಾಲ ನೆಟ್ಟಗೆ ಮಾಡಿಕೊಂಡು ಬಂದು ನನ್ನ ಮೊಣಕೈಗೆ ತಲೆ ತಿಕ್ಕಿದಳು.

ಮನೆಯವರೆಲ್ಲ ಸುತ್ತ ಸೇರಿದರು. ಎಲ್ಲರಿಗೂ ಖುಷಿ. ಅಮ್ಮನಿಗಂತೂ ಕಣ್ಣಲ್ಲಿ ನೀರು.

“ನೋಡು, ಎಷ್ಟು ಚೆನ್ನಾಗಿ ನಡೀತಿದೆ. ಇನ್ನೂ ಯಾಕೆ ಕೂಡಿ ಹಾಕ್ತೀಯಾ? ಪಾಪ ಅನ್ಸಲ್ವಾ ನಿಂಗೆ?”

ಅನ್ನಿಸುತ್ತಿತ್ತು. ಆದರೂ ಟ್ರೇ ಬದಲಾಯಿಸಿ, ಅವಳನ್ನು ಎತ್ತಿ ಒಳಗಿಟ್ಟು ಚಿಲಕ ಹಾಕಿದೆ. ಅವತ್ತಿಡೀ ಮನೆಯಲ್ಲಿ ನನ್ನ ಜೊತೆ ಯಾರೂ ಸರಿಯಾಗಿ ಮಾತಾಡಲಿಲ್ಲ.

ಎತ್ತರದಿಂದ ಬಿದ್ದು ಚುಕ್ಕಿಯ ತೊಡೆ ಮೂಳೆ ಮುರಿದಿತ್ತು. ನಡುವೆ ಚೂರಾಗಿತ್ತು. ಪ್ಲೇಟು ಇಟ್ಟು ಸ್ಕ್ರೂ ಹಾಕಿ ಕೂಡಿಸಿದ್ದರು. ಮನೆಗೆ ಕಳಿಸುವಾಗ ಡಾಕ್ಟರ್ ಒಂದು ಮಾತು ಹೇಳಿದ್ದರು: “ಮೊದಲ ವಾರ ನಿಮಗೇನೂ ಕಷ್ಟ ಇಲ್ಲ, ಅದೇ ಸುಮ್ನೆ ಮಲಗಿರುತ್ತೆ. ಹುಷಾರಾದ ಹಾಗೆ ಕಾಣೋಕೆ ಶುರುವಾದ ಮೇಲೆ ಜಾಸ್ತಿ ಜಾಗ್ರತೆ ಇರಲಿ.” ಆಗ ಆ ಮಾತಿನ ತೂಕ ಗೊತ್ತಾಗಿರಲಿಲ್ಲ.

ಮೊದಲ ದಿನಗಳ ಕೆಲಸ ಬೇರೆಯೇ ಥರದ್ದು. ಬೆಕ್ಕು ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಾಯಿಯ ಹಾಗೆ ಕುಂಯ್‌ಗುಡುವುದೂ ಕಡಿಮೆ. ಹಾಗಾಗಿ ಮುಖ ನೋಡುವುದನ್ನು ಕಲಿಯಬೇಕಾಯಿತು. ಕಿವಿಗಳು ಒಂದರಿಂದ ಒಂದು ದೂರ ಸರಿದು ಹೊರಕ್ಕೆ ತಿರುಗುತ್ತವೆ. ಕಣ್ಣು ಅರ್ಧ ಮುಚ್ಚಿರುತ್ತದೆ. ಮೂತಿ ಬಿಗಿಯುತ್ತದೆ. ತಲೆ ಭುಜಕ್ಕಿಂತ ಕೆಳಗೆ ಇಳಿದಿರುತ್ತದೆ. 2019ರಲ್ಲಿ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು ಇಂಥ ಗುರುತುಗಳನ್ನೇ ಜೋಡಿಸಿ, ಬೆಕ್ಕಿನ ಮುಖ ನೋಡಿ ನೋವಿಗೆ ಅಂಕ ಕೊಡುವ ಒಂದು ಪಟ್ಟಿ ಮಾಡಿದ್ದಾರೆ. ಡಾಕ್ಟರ್ ಅದರ ಚಿತ್ರಗಳನ್ನು ತೋರಿಸಿದ್ದರು. ಔಷಧಿ ಕೊಡುವ ಹೊತ್ತು ಹತ್ತಿರ ಬಂದಾಗ ಚುಕ್ಕಿಯ ಕಿವಿ ಮೆಲ್ಲಗೆ ಹೊರಕ್ಕೆ ವಾಲುತ್ತಿದ್ದದ್ದು ನನಗೇ ಕಾಣತೊಡಗಿತು. ಗುರುಗುಟ್ಟುತ್ತಿದೆ ಅಂದರೆ ಆರಾಮಾಗಿದೆ ಅಂತ ತಿಳಿಯುವ ಹಾಗಿಲ್ಲ. ನೋವಿದ್ದರೂ ಬೆಕ್ಕು ಗುರುಗುಡುತ್ತದೆ.

ನೋವಿಗೆ ಮೆಲಾಕ್ಸಿಕಾಮ್ ದ್ರವ, ಜೊತೆಗೆ ಗ್ಯಾಬಪೆಂಟಿನ್. ಊಟದ ಜೊತೆ ಮೆಲಾಕ್ಸಿಕಾಮ್ ಸಲೀಸಾಗಿ ಹೋಗುತ್ತಿತ್ತು. ಇನ್ನೊಂದನ್ನು ಸಿರಿಂಜಿನಲ್ಲಿ ಕೆನ್ನೆಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಬಿಡಬೇಕು. ಒಂದೇ ಸಲ ಒತ್ತಿದರೆ ನೊರೆ ಮಾಡಿ ಎಲ್ಲ ಹೊರಗೆ ಚೆಲ್ಲುತ್ತಾಳೆ. ನೋಡಲು ಬಂದ ನೆಂಟರೊಬ್ಬರು, ಒಳ್ಳೆಯ ಮನಸ್ಸಿನಿಂದಲೇ, “ಅರ್ಧ ಪ್ಯಾರಾಸಿಟಮಾಲ್ ಕೊಟ್ಬಿಡಿ, ಪಾಪ ನಿದ್ದೆ ಮಾಡುತ್ತೆ” ಅಂದರು. ಇದನ್ನು ಎಲ್ಲರಿಗೂ ಕೂಗಿ ಹೇಳಬೇಕು ಅನ್ನಿಸುತ್ತದೆ: ಬೆಕ್ಕಿಗೆ ಪ್ಯಾರಾಸಿಟಮಾಲ್ ವಿಷ. ನಮ್ಮ ಲಿವರ್ ಅದನ್ನು ಕರಗಿಸಿ ಹೊರಹಾಕುವ ದಾರಿ ಬೆಕ್ಕಿನ ಲಿವರ್‌ನಲ್ಲಿ ತುಂಬಾ ದುರ್ಬಲ. ಒಂದೇ ಮಾತ್ರೆ ಜೀವ ತೆಗೆಯಬಹುದು. ಐಬುಪ್ರೊಫೆನ್ ಕೂಡ ಕೊಡಬಾರದು. ಮನುಷ್ಯರ ಔಷಧಿ ಡಬ್ಬಿಯ ಕಡೆ ಕೈ ಹೋಗಲೇಬಾರದು.

ಊಟದ್ದು ಇನ್ನೊಂದು ಚಿಂತೆ. ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡು ಅದೇ ದೊಡ್ಡ ಕಾಯಿಲೆಯಾಗುತ್ತದೆ. ದಪ್ಪ ಬೆಕ್ಕಿಗೆ ಈ ಅಪಾಯ ಜಾಸ್ತಿ. ಊಟವನ್ನು ಸ್ವಲ್ಪ ಬೆಚ್ಚಗೆ ಮಾಡಿಕೊಟ್ಟರೆ ವಾಸನೆ ಏಳುತ್ತದೆ, ಆಗ ಮೂಸಿ ನೋಡುತ್ತಾಳೆ. ಹೊಲಿಗೆ ನೆಕ್ಕದ ಹಾಗೆ ಕುತ್ತಿಗೆಗೆ ಹಾಕಿದ್ದ ಕೋನ್ ತಟ್ಟೆಯ ಅಂಚಿಗೆ ತಗುಲಿ ಬಾಯಿ ಊಟಕ್ಕೆ ಎಟುಕುತ್ತಿರಲಿಲ್ಲ. ಅಗಲ ಕಡಿಮೆಯ ಬಟ್ಟಲನ್ನು ತುಸು ಎತ್ತರಕ್ಕೆ ಇಟ್ಟ ಮೇಲೆ ಸರಿಹೋಯಿತು. ಟ್ರೇಗೂ ಮಾಮೂಲಿ ಮರಳು ಹಾಕಲಿಲ್ಲ, ಹೊಲಿಗೆಗೆ ಧೂಳು ಮೆತ್ತಿಕೊಳ್ಳುತ್ತದೆ. ಕಾಗದ ಹರಿದು ಹಾಕಿದ್ದೆವು. ಒಂದು ಬದಿ ತಗ್ಗಿರುವ ಟ್ರೇ ಬೇಕು, ಇಲ್ಲದಿದ್ದರೆ ಕಾಲು ಎತ್ತಿ ದಾಟಲು ಆಗುವುದಿಲ್ಲ.

ಎರಡನೇ ವಾರದ ಕೊನೆಗೆ ಹೊಲಿಗೆ ಬಿಚ್ಚಿದರು. ಕೋನ್ ಹೋಯಿತು. ತೆಗೆದ ಕೂಡಲೇ ಚುಕ್ಕಿ ಕೂತು ನೆಕ್ಕತೊಡಗಿದಳು. ಗಾಯವನ್ನಲ್ಲ, ಮೊದಲು ಎದೆ, ಆಮೇಲೆ ಮುಂಗಾಲು, ಆಮೇಲೆ ಬೆನ್ನು. ಅಷ್ಟು ದಿನ ಬಾಕಿ ಉಳಿದಿದ್ದ ಸ್ನಾನವನ್ನೆಲ್ಲ ತೀರಿಸಿದಳು. ಕೂದಲು ಬೋಳಿಸಿದ್ದ ತೊಡೆಯ ಹತ್ತಿರ ಬಂದಾಗ ನಾಲಿಗೆ ನಿಂತಿತು. ಮೂಸಿ ನೋಡಿದಳು. ಅದು ತನ್ನದಲ್ಲವೇನೋ ಅನ್ನುವ ಹಾಗೆ ಪಕ್ಕಕ್ಕೆ ತಿರುಗಿದಳು. ಆಗಷ್ಟೇ ಮೊಳೆಯುತ್ತಿದ್ದ ಕೂದಲು ಬೆರಳಿಗೆ ಮಖಮಲ್ಲಿನ ಹಾಗೆ ತಾಗುತ್ತಿತ್ತು.

ಇಲ್ಲಿಂದ ಮುಂದೆ ನಿಜವಾದ ಕಷ್ಟ. ಬೆಳೆದ ಬೆಕ್ಕಿನ ಮೂಳೆ ಗಟ್ಟಿಯಾಗಿ ಕೂಡಲು ಸಾಮಾನ್ಯವಾಗಿ 6ರಿಂದ 8 ವಾರ ಬೇಕು, ಕೆಲವೊಮ್ಮೆ 12 ವಾರವೂ ಆಗುತ್ತದೆ. ಮೂರನೇ ವಾರದಲ್ಲಿ ಮುರಿದ ಜಾಗದ ಸುತ್ತ ಕಟ್ಟಿಕೊಂಡಿರುವುದು ಇನ್ನೂ ಮೆತ್ತಗಿನ ಅಂಗಾಂಶ. ಭಾರವನ್ನೆಲ್ಲ ಹೊರುತ್ತಿರುವುದು ಲೋಹ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ಹೇಗೆ ಕಡಿಯುತ್ತದೋ, ಜಿಗಿತ ಜಾಸ್ತಿಯಾದರೆ ಪ್ಲೇಟೂ ಹಾಗೇ ಸೋಲುತ್ತದೆ. ಸ್ಕ್ರೂ ಸಡಿಲವಾಗಬಹುದು. ಮತ್ತೆ ಅರಿವಳಿಕೆ, ಮತ್ತೆ ಆಪರೇಷನ್, ಮತ್ತೆ ಮೊದಲಿನಿಂದ. ಚುಕ್ಕಿಗೆ ಇದು ಯಾವುದೂ ಗೊತ್ತಿಲ್ಲ. ಅವಳಿಗೆ ನೋವು ಹೋಗಿದೆ, ಅಷ್ಟೇ.

ಕಾಲು ಊರಿದ ಆ ದಿನದ ರಾತ್ರಿ ಅವಳು ನಿಲ್ಲಿಸದೆ ಕೂಗಿದಳು. ಸರಳುಗಳ ನಡುವೆ ಪಂಜ ತೂರಿಸಿ ಬಾಗಿಲು ಅಲುಗಾಡಿಸಿದಳು. ಅಮ್ಮ ಎದ್ದು ಬಂದು ಕ್ರೇಟಿನ ಪಕ್ಕ ಕೂತರು. ನಾನು ಫೋನಿನಲ್ಲಿದ್ದ ಎಕ್ಸ್‌ರೇ ಚಿತ್ರ ತೋರಿಸಿದೆ. ಬಿಳಿ ಪ್ಲೇಟು, ಸಾಲಾಗಿ ಸ್ಕ್ರೂಗಳು, ನಡುವೆ ಚೂರುಗಳ ಸಂದಿಯಲ್ಲಿ ಕಪ್ಪು ಗೆರೆ. ಅಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. “ಇನ್ನೂ ಹೀಗೇ ಇದೆಯಾ ಒಳಗೆ?” ಅಂದರು. ಆಮೇಲೆ ಬಿಡು ಅಂತ ಹೇಳಲಿಲ್ಲ. ಸರಳಿನೊಳಗೆ ಬೆರಳು ಹಾಕಿ ಅವಳ ಗಲ್ಲ ತುರಿಸುತ್ತಾ ಕೂತರು.

ಮರುದಿನದಿಂದ ಅವಳ ಬೇಸರಕ್ಕೆ ಮದ್ದು ಹುಡುಕತೊಡಗಿದೆವು. ಕ್ರೇಟನ್ನು ಕಿಟಕಿಯ ಹತ್ತಿರ ಸರಿಸಿದೆವು. ಅರ್ಧ ಭಾಗಕ್ಕೆ ಬಟ್ಟೆ ಹೊದಿಸಿದೆವು, ಅಡಗಿ ಕೂರಲು ಜಾಗ ಸಿಕ್ಕಿತು. ಒಣ ಊಟವನ್ನು ಬಟ್ಟಲಿಗೆ ಹಾಕುವ ಬದಲು ಕಾಗದದಲ್ಲಿ ಸುತ್ತಿ ಕೊಟ್ಟೆವು, ಅದನ್ನು ಬಿಚ್ಚುವುದೇ ಅವಳ ಆಟವಾಯಿತು. ರಾತ್ರಿ ಮಲಗುವ ಮುಂಚೆ ಒಂದು ಊಟ ಕೊಟ್ಟರೆ ಕೂಗು ಕಡಿಮೆ. ದಿನಕ್ಕೆರಡು ಸಲ ಡಾಕ್ಟರ್ ತೋರಿಸಿಕೊಟ್ಟ ವ್ಯಾಯಾಮ: ಪಕ್ಕಕ್ಕೆ ಮಲಗಿಸಿ, ಕಾಲನ್ನು ನಿಧಾನ ಮಡಿಸಿ ಬಿಡಿಸುವುದು, ಅವಳು ತಿರುಗಿ ನೋಡಿದ ಕೂಡಲೇ ನಿಲ್ಲಿಸುವುದು. ತೊಡೆ ಮೂಳೆ ಮುರಿದಾಗ ಮಂಡಿ ಬಿಗಿದುಕೊಳ್ಳುವ ಭಯ ಇರುತ್ತದೆ, ಹಾಗಾಗಿ ಇದನ್ನು ಒಂದು ದಿನವೂ ಬಿಡಲಿಲ್ಲ. ಎಷ್ಟು, ಹೇಗೆ ಅನ್ನುವುದನ್ನು ಆಪರೇಷನ್ ಮಾಡಿದವರೇ ಹೇಳಬೇಕು. ಸೊಂಟದ ಕೀಲಿನಲ್ಲಿ ಕೂರುವ ತೊಡೆ ಮೂಳೆಯ ತಲೆ ತೆಗೆಯುವ ಆಪರೇಷನ್‌ನಲ್ಲಿ ಬೇಗ ನಡೆಸಿ ಅನ್ನುತ್ತಾರೆ. ನಮ್ಮದಕ್ಕೆ ಸರಿ ತದ್ವಿರುದ್ಧ.

ಎಂಟನೇ ವಾರದ ಎಕ್ಸ್‌ರೇಯಲ್ಲಿ ಕಪ್ಪು ಗೆರೆ ಮುಚ್ಚಿಕೊಂಡಿತ್ತು. ಅಮ್ಮನೂ ಜೊತೆಗೆ ಬಂದಿದ್ದರು, ಪರದೆಯ ಮೇಲೆ ತಾವೇ ಬೆರಳಿಟ್ಟು ಆ ಜಾಗ ತೋರಿಸಿದರು. ಪ್ಲೇಟು ತೊಂದರೆ ಕೊಡದಿದ್ದರೆ ಜೀವನಪೂರ್ತಿ ಒಳಗೇ ಇರುತ್ತದಂತೆ. ಡಾಕ್ಟರ್ ಟೇಪು ಹಿಡಿದು ಎರಡೂ ತೊಡೆ ಅಳೆದರು. ಎಡಗಡೆ ಇನ್ನೂ ಸಣ್ಣ. ಈಗ ಚುಕ್ಕಿಗೆ ಒಂದು ಕೋಣೆ ಕೊಟ್ಟಿದ್ದೇವೆ. ಮಂಚವಿಲ್ಲ, ಮೇಜಿಲ್ಲ, ಜಾರದ ಹಾಗೆ ನೆಲಕ್ಕೆ ಚಾಪೆ. ಬಾಗಿಲು ಹಾಕಿದೆಯೋ ಇಲ್ಲವೋ ಅಂತ ನನಗಿಂತ ಜಾಸ್ತಿ ಸಲ ನೋಡುವುದು ಅಮ್ಮನೇ.